ಸೌತೆ ಬಳ್ಳಿಗೆ ಹೆಕ್ಸಕೊನಜೋಲ್: ದಯವಿಟ್ಟು ಇಲ್ಲಿಗೆ ನಿಲ್ಲಿಸಿ

ಅಕ್ಕಾ, ನಾಲ್ಕನೇ ಸಲ ಹೊಡೆಯಬೇಡಿ. ಯಲಹಂಕದ ತಾರಸಿಯಲ್ಲಿರುವ ಸೌತೆಗೆ ಮೂರು ಸಲ ಹೆಕ್ಸಕೊನಜೋಲ್ ಎಂಬ ಶಿಲೀಂಧ್ರನಾಶಕ ಸಿಂಪಡಿಸಿದರೂ ರೋಗ ನಿಂತಿಲ್ಲ, ಪ್ರಮಾಣ ಎರಡು ಪಟ್ಟು ಮಾಡಲೇ ಎಂದು ಕೇಳಿದ್ದೀರಿ. ನಿಮ್ಮ ಫೋಟೊದಲ್ಲಿ ಹಳದಿ ಮಚ್ಚೆಗಳು ನರಗಳ ನಡುವೆ ಚೌಕಚೌಕವಾಗಿ ನಿಂತಿವೆ. ಅದು ಬೂದಿ ರೋಗವಲ್ಲ, ಬೂಜು ತುಪ್ಪಟ ರೋಗ (ಡೌನಿ ಮಿಲ್ಡ್ಯೂ). ಬೆಳಿಗ್ಗೆ ಇಬ್ಬನಿ ಆರುವ ಮೊದಲು ಎಲೆ ಮಗುಚಿ ನೋಡಿ, ಬೂದು ನೇರಳೆ ಬಣ್ಣದ ತುಪ್ಪಟ ಕಾಣುತ್ತದೆ.

ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಎಲ್ಲವೂ ಶಿಲೀಂಧ್ರ ತನ್ನ ಎರ್ಗೊಸ್ಟೆರಾಲ್ ತಯಾರಿಸದಂತೆ ತಡೆಯುತ್ತವೆ. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟೆರಾಲ್, ಗಿಡದ ಪೊರೆಗೆ ಸಿಟೊಸ್ಟೆರಾಲ್ ಇದ್ದಂತೆ ಶಿಲೀಂಧ್ರಕ್ಕೆ ಅದು. ಬೂಜು ತುಪ್ಪಟದ ಜೀವಿ ಶಿಲೀಂಧ್ರವೇ ಅಲ್ಲ, ಅದರಂತೆ ಕಾಣುವ ಬೇರೆಯೇ ಗುಂಪಿನ ಊಮೈಸೀಟ್; ಅದು ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ. ಇಲ್ಲದ ಅಡುಗೆಮನೆಗೆ ಬೀಗ ಹಾಕಿದರೆ ಯಾರು ಉಪವಾಸ ಬೀಳುತ್ತಾರೆ?

ನಾನೂ ಹೀರೆ ಬಳ್ಳಿಗೆ ಇದನ್ನೇ ಮಾಡಿದ್ದೆ. ಜುಲೈ ತಿಂಗಳು, ವಾರವಿಡೀ ತುಂತುರು. ಲೀಟರಿಗೆ 2 ಮಿಲಿ ಬದಲು 4 ಮಿಲಿ ಬೆರೆಸಿದೆ. ಎಲೆಗಳು ಕಡುಹಸಿರಾಗಿ ದಪ್ಪಗಾದವು, ಔಷಧ ಹಿಡಿಯಿತೆಂದು ಹಿಗ್ಗಿದೆ. ವಾರ ಕಳೆದು ನೋಡಿದರೆ ಗೆಣ್ಣುಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಕುಡಿ ಮುಂದಕ್ಕೇ ಹೋಗಿಲ್ಲ. ಈ ಗುಂಪಿನ ಔಷಧಗಳು ಗಿಡವನ್ನು ಉದ್ದ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿಗೂ ಅಡ್ಡ ಬರುತ್ತವೆ; ಬೆಳವಣಿಗೆ ತಗ್ಗಿಸಲು ಮಾವಿಗೆ ಹಾಕುವ ಪ್ಯಾಕ್ಲೊಬ್ಯುಟ್ರಜೋಲ್ ಇದರ ಒಡಹುಟ್ಟು. ಸಾಲದ್ದಕ್ಕೆ ಬುಡಕ್ಕೂ ಸುರಿದಿದ್ದೆ. ಆ ಕುಂಡದಲ್ಲಿ ಟ್ರೈಕೊಡರ್ಮಾ ಬೆರೆಸಿದ್ದ ಕೊಟ್ಟಿಗೆ ಗೊಬ್ಬರವಿತ್ತು. ಬೇರಿನ ರೋಗಾಣುಗಳನ್ನು ಹತ್ತಿಕ್ಕುವ ಟ್ರೈಕೊಡರ್ಮಾ ನಿಜವಾದ ಶಿಲೀಂಧ್ರ, ಅದಕ್ಕೆ ಎರ್ಗೊಸ್ಟೆರಾಲ್ ಬೇಕು. ಪೆಟ್ಟು ಬಿದ್ದದ್ದು ನೆಂಟನಿಗೆ, ಕಳ್ಳನಿಗಲ್ಲ. ಬಳ್ಳಿಯನ್ನು ಬುಡಸಮೇತ ಕಿತ್ತೆ.

ಮರುವರ್ಷ ಕೈಹಿಡಿದದ್ದು ಹೀಗೆ. ಮಚ್ಚೆ ಕಂಡ ಕೆಳಗಿನ ಎಲೆಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿದೆ, ಕಾಂಪೋಸ್ಟಿಗಲ್ಲ. ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಎಲೆಯ ಅಡಿಭಾಗ ಚೆನ್ನಾಗಿ ನೆನೆಯುವಂತೆ. ಬ್ಲೈಟಾಕ್ಸ್ ಹೆಸರಿನದು ಸಿಕ್ಕರೆ ಸರಿ, ಸಿಗದಿದ್ದರೆ ಅದೇ ಅಂಶವಿರುವ ಬೇರೆಯದೂ ಆಗುತ್ತದೆ. ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದೆ ಬರೆದ ಅಂಶವನ್ನು ಓದಿ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ನನಗೆ ಬಹಳ ಇಷ್ಟ. ಫ್ರಾನ್ಸಿನಲ್ಲಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದ್ದೇ ದ್ರಾಕ್ಷಿಯ ಬೂಜು ತುಪ್ಪಟಕ್ಕೆ. ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಬಳಕೆಗೆ ತಂದದ್ದೂ ಅದನ್ನೇ. ಕೊಳೆಯ ಜೀವಿಯೂ ಊಮೈಸೀಟ್. ಆದರೆ ಸೌತೆಯ ಎಳೆ ಎಲೆ ಅದರಿಂದ ಸುಡಬಹುದು, ನೀವು ಹಾಕಬೇಡಿ.

ರೋಗ ಜೋರಾಗಿದ್ದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೊಜೆಬ್ ಸೇರಿದ ರಿಡೋಮಿಲ್ ಗೋಲ್ಡ್, ಲೀಟರಿಗೆ 2 ಗ್ರಾಂ, ಒಂದೇ ಸಲ. ಮೇಲಿಂದ ಮೇಲೆ ಹೊಡೆದರೆ ರೋಗಾಣು ಅದಕ್ಕೂ ಒಗ್ಗಿಕೊಳ್ಳುತ್ತದೆ. ಔಷಧದ ಚೀಟಿಯಲ್ಲಿ ಬರೆದಷ್ಟು ದಿನ ಕಾಯಿ ಕೀಳಬಾರದು. ಮನೆಮಂದಿ ಹಸಿಯಾಗಿ ತಿನ್ನುವ ಕಾಯಿಗೆ ಅಂದಾಜಿನ ಮೇಲೆ ಔಷಧ ಬೆರೆಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಸಂಜೆ ಎಲೆಯ ಮೇಲೆ ನೀರು ಹನಿಸುವುದನ್ನೂ ಬಿಡಿ, ಬೆಳಿಗ್ಗೆ ಬುಡಕ್ಕೆ ಮಾತ್ರ ಕೊಡಿ.

ಫೋಟೊದ ಮೂಲೆಯಲ್ಲಿ ಚಿಪ್ಪಣಬೆಯ ಚೀಲಗಳು ಕಂಡವು. ಸಿಂಪಡಣೆಯ ಹನಿ ತಾಗದಂತೆ ಅವನ್ನು ಇವತ್ತೇ ಒಳಗಿಡಿ, ಅಣಬೆಯೂ ಶಿಲೀಂಧ್ರವೇ. ಕಿತ್ತ ಅಣಬೆಯನ್ನು ಅಡುಗೆಗೆ ಮೊದಲು ಕೊಡೆಯ ಅಡಿಯ ಗೀರುಗಳು ಮೇಲಾಗುವಂತೆ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಹರಡಿ. ಅದರಲ್ಲಿರುವ ಎರ್ಗೊಸ್ಟೆರಾಲ್ ಬಿಸಿಲಿಗೆ ಡಿ2 ಜೀವಸತ್ವವಾಗುತ್ತದೆ.