ಮುಟ್ಟು ನಿಲ್ಲುವ ಮುಂಚಿನ ಏರುಪೇರು

ಪ್ರಶ್ನೆ: ನನಗೆ 47 ವರ್ಷ. ಮುಟ್ಟು ಒಮ್ಮೆ 20 ದಿನಕ್ಕೇ ಬರುತ್ತೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ಈ ಸಲ 11 ದಿನ ಹೋಯಿತು, ಗಡ್ಡೆಗಡ್ಡೆಯಾಗಿ. ಕಾಫಿ ಕೊಯ್ಲಿಗೆ ಹೋದರೆ ಏದುಸಿರು. ‘ಈ ವಯಸ್ಸಿಗೆ ಇದ್ದದ್ದೇ’ ಅಂತಾರೆ ಅತ್ತಿಗೆ. ಗರ್ಭಕೋಶ ತೆಗೆಸಿಬಿಡಲೇ?
– ಓದುಗರು, ಮೂಡಿಗೆರೆ

ಉತ್ತರ: ದಿನ ಹಿಂದೆಮುಂದೆ ಆಗುವುದು ಇದ್ದದ್ದೇ ಸರಿ. 11 ದಿನದ ಸ್ರಾವ, ಏದುಸಿರು ಹಾಗಲ್ಲ. ಅಂಡಾಣು ಬಿಡುಗಡೆಯಾಗದ ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಸಾಲದು. ಈಸ್ಟ್ರೋಜನ್ ಹಾರ್ಮೋನು ಒಂದೇ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತದೆ. ಅದು ಒಟ್ಟಿಗೆ ಕಳಚದೆ ಚೂರುಚೂರಾಗಿ ಉದುರುತ್ತಾ ಇರುತ್ತದೆ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಪಾಲಿಪ್ (ಒಳಪದರದಲ್ಲಿ ಬೆಳೆಯುವ ಸಣ್ಣ ದುರ್ಮಾಂಸ), ಥೈರಾಯ್ಡ್ ದೋಷ, ಅಪರೂಪಕ್ಕೆ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳಬಹುದು.

ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲೋ ಹಾಸನದ ಹಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟಿನ ತಾರೀಖು, ದಿನಕ್ಕೆ ಎಷ್ಟು ಪ್ಯಾಡ್ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಒಯ್ಯಿರಿ. ಹಿಮೋಗ್ಲೋಬಿನ್ (ಏದುಸಿರಿಗೆ ರಕ್ತಹೀನತೆ ಕಾರಣವಿರಬಹುದು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸ್ಕ್ಯಾನಿಂಗ್ ಜೊತೆಗೆ ಗರ್ಭಪರೀಕ್ಷೆಯೂ ಬೇಕು (ನಗಬೇಡಿ, 47ಕ್ಕೂ ಗರ್ಭ ನಿಲ್ಲಬಹುದು). ಸ್ಕ್ಯಾನಿಂಗ್ ಚೆನ್ನಾಗಿದ್ದರೂ 45 ದಾಟಿದವರಿಗೆ ಒಳಪದರದ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುತ್ತದೆ. ಸಣ್ಣ ಕೊಳವೆಯಿಂದ ಚೂರು ತೆಗೆಯುತ್ತಾರೆ. ಕೆಲವೇ ನಿಮಿಷ, ಮುಟ್ಟಿನಂಥ ಹೊಟ್ಟೆನೋವು.

ಗರ್ಭಕೋಶ ತೆಗೆಸುವ ಮಾತು ಕೊನೆಗೆ. ಎಷ್ಟೋ ಜನರಿಗೆ ಮಾತ್ರೆ, ಇಲ್ಲವೇ ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನದಲ್ಲೇ (ಐಯುಡಿ) ಹತೋಟಿಗೆ ಬರುತ್ತದೆ. ಸ್ರಾವ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ: ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ ಇಂಥ ಮಾತ್ರೆಯಾದ ಟ್ರಾನೆಕ್ಸಾಮಿಕ್ ಆಸಿಡ್ ಅಪಾಯ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿಯೊಂದಿಗೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಬಿಡುವಿರಲಿ.

ಗಂಟೆಗೊಂದು ಪ್ಯಾಡ್ ತೊಯ್ದು, ಎರಡು ಗಂಟೆಯಾದರೂ ನಿಲ್ಲದಿದ್ದರೆ, ಇಲ್ಲವೇ ತಲೆಸುತ್ತಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು.