ಸರ್ವರ್ ಟೆಂಪ್ಲೇಟ್‌ಗೆ ಎಸ್‌ಎಸ್‌ಎಚ್ ಸೆಟ್ಟಿಂಗ್: ಮೊದಲು ಪಾಸ್‌ವರ್ಡ್ ಲಾಗಿನ್ ಮುಚ್ಚಿ

ಹೊಸ ಲಿನಕ್ಸ್ ಸರ್ವರ್‌ಗಳಿಗೆಲ್ಲ ಒಂದೇ ಟೆಂಪ್ಲೇಟ್ ಮಾಡುತ್ತಿದ್ದೇನೆ, ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಲಾಗಿನ್ ಮುಚ್ಚಿ ಪೋರ್ಟ್ (ಅದು ಕಾಯುವ ಬಾಗಿಲಿನ ಸಂಖ್ಯೆ) ಬದಲಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಪಾಸ್‌ವರ್ಡ್ ಲಾಗಿನ್ ಮುಚ್ಚುವುದು ಅವೆರಡಕ್ಕಿಂತ ಮುಖ್ಯ.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಎಸ್‌ಎಚ್ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್ 2015ರಲ್ಲೇ, 7.0 ಆವೃತ್ತಿಯಿಂದ, ಪಾಸ್‌ವರ್ಡ್ ಹೊಡೆದು ರೂಟ್ ಆಗಿ ಒಳಗೆ ಬರುವುದನ್ನು ಡಿಫಾಲ್ಟ್ ಆಗಿಯೇ ನಿಲ್ಲಿಸಿದೆ. ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲು) ಇದ್ದರೆ ಮಾತ್ರ ಬಿಡುತ್ತದೆ. ಆದರೆ ಉಳಿದ ಬಳಕೆದಾರರಿಗೆ ಪಾಸ್‌ವರ್ಡ್ ಲಾಗಿನ್ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಈಗಲೂ ಡಿಫಾಲ್ಟ್ ಆಗಿ ಆನ್. ಸುಡೋ (ರೂಟ್ ಅಧಿಕಾರದಲ್ಲಿ ಕೆಲಸ ಮಾಡುವ ಅನುಮತಿ) ಇರುವ ಖಾತೆಯೊಂದಕ್ಕೆ ಸುಲಭದ ಪಾಸ್‌ವರ್ಡ್ ಇದ್ದರೆ ರೂಟ್ ಮುಚ್ಚಿ ಏನು ಬಂತು?

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್) ಕಾನ್ಫಿಗ್ ಫೈಲಿನ ಕೊನೆಗೆ 'ಪಾಸ್‌ವರ್ಡ್‌ಅಥೆಂಟಿಕೇಶನ್ ನೋ' ಅಂತ ಸೇರಿಸಿ, ರೀಸ್ಟಾರ್ಟ್ ಮಾಡಿ, ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಮೊದಲು ಸಿಕ್ಕಿದ್ದೇ ಲೆಕ್ಕ, ಆಮೇಲೆ ಬಂದದ್ದಕ್ಕೆ ಕಿಮ್ಮತ್ತಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಬೇರೆ ಫೈಲುಗಳನ್ನು ಸೇರಿಸುವ ಇನ್‌ಕ್ಲೂಡ್ ಸಾಲು ಫೈಲಿನ ತಲೆಯಲ್ಲೇ ಇದೆ. ಅಂದರೆ 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ' ಫೋಲ್ಡರಿನ ಫೈಲುಗಳನ್ನು ಮೊದಲು ಓದುತ್ತದೆ. ಅಲ್ಲಿ ಕ್ಲೌಡ್-ಇನಿಟ್ (ಮೊದಲ ಬೂಟ್‌ನಲ್ಲಿ ಸರ್ವರ್ ಸಜ್ಜುಮಾಡುವ ತಂತ್ರಾಂಶ) ಇಟ್ಟ, 50ರಿಂದ ಶುರುವಾಗುವ ಫೈಲಿನಲ್ಲಿ 'ಯೆಸ್' ಅಂತಿದ್ದರೆ ನಿಮ್ಮ 'ನೋ' ಸುಮ್ನೆ ಕೂತಿರುತ್ತದೆ. ಅದೇ ಫೋಲ್ಡರಿನಲ್ಲಿ ನಿಮ್ಮ ಫೈಲಿಗೆ 99 ಅಂತ ಹೆಸರಿಟ್ಟರೂ ಇದೇ ಕಥೆ, ಓದುವುದು ಹೆಸರಿನ ಕ್ರಮದಲ್ಲಿ. 00 ಅಂತ ಶುರು ಮಾಡಿ. ಕೀಬೋರ್ಡ್ ಇಂಟರಾಕ್ಟಿವ್ ಅನ್ನೋದನ್ನೂ 'ನೋ' ಮಾಡಿ. ಒಟಿಪಿ ಬಳಸುತ್ತಿದ್ದರೆ ಅದು ಬೇಕಾಗುತ್ತದೆ. ಬೇಡದಿದ್ದರೂ ಆನ್ ಬಿಟ್ಟರೆ ಪ್ಯಾಮ್ (ಲಿನಕ್ಸ್‌ನ ಲಾಗಿನ್ ಪರಿಶೀಲನಾ ವ್ಯವಸ್ಥೆ) ಮೂಲಕ ಅದೇ ಪಾಸ್‌ವರ್ಡ್ ಹಿಂಬಾಗಿಲಿನಿಂದ ಬರುತ್ತದೆ.

ಫೈಲಿನಲ್ಲಿ ಬರೆದದ್ದನ್ನು ನಂಬಬೇಡಿ. 'ಸುಡೋ ಎಸ್‌ಎಸ್‌ಎಚ್‌ಡಿ' ಜೊತೆಗೆ ಹೈಫನ್, ದೊಡ್ಡ ಟಿ ಹಾಕಿ ಓಡಿಸಿ. ಎಲ್ಲ ಫೈಲುಗಳನ್ನೂ ಓದಿದ ಮೇಲೆ ಕೊನೆಗೆ ನಿಂತ ಸೆಟ್ಟಿಂಗ್‌ಗಳು ಕಾಣುತ್ತವೆ. ಆಮೇಲೆ ಬೇರೆ ಕಂಪ್ಯೂಟರಿನಿಂದ, ಕೀ ಬಳಸದೆ ಲಾಗಿನ್ ಆಗಲು ನೋಡಿ. 'ಪರ್ಮಿಷನ್ ಡಿನೈಡ್' ಅಂದು ಬ್ರಾಕೆಟ್‌ನಲ್ಲಿ 'ಪಬ್ಲಿಕ್‌ಕೀ' ಒಂದೇ ಬಂದರೆ ಸರಿ. ಪಾಸ್‌ವರ್ಡ್ ಕೇಳಿದರೆ ಬಾಗಿಲು ಇನ್ನೂ ತೆರೆದಿದೆ.

ಇದನ್ನೆಲ್ಲ ಮಾಡುವಾಗ ಈಗಿರುವ ಲಾಗಿನ್ ಮುಚ್ಚಬೇಡಿ, ಎರಡನೇ ಟರ್ಮಿನಲ್‌ನಿಂದ ಪರೀಕ್ಷೆ ಮಾಡಿ.

ಪೋರ್ಟ್ ಬದಲಿಸಿದರೆ ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ. ಹೊಸ ಉಬುಂಟುಗಳಲ್ಲಿ ಸಿಸ್ಟಂಡಿ ಸಾಕೆಟ್ಟನ್ನೂ (ಅಲ್ಲಿ ಪೋರ್ಟ್ ತೆರೆಯುವುದು ಅದೇ) ರೀಸ್ಟಾರ್ಟ್ ಮಾಡಬೇಕು, ರೆಡ್ ಹ್ಯಾಟ್‌ನಲ್ಲಿ ಎಸ್‌ಇಲಿನಕ್ಸ್‌ಗೂ (ಅಲ್ಲಿನ ಭದ್ರತಾ ಕಾವಲು) ಹೊಸ ಪೋರ್ಟ್ ಹೇಳಬೇಕು. ನಾನಾದರೆ ಡಿಫಾಲ್ಟ್ ಪೋರ್ಟ್ 22ರಲ್ಲೇ ಬಿಟ್ಟು, ಫೈರ್‌ವಾಲ್‌ನಲ್ಲಿ ವಿಪಿಎನ್ (ಖಾಸಗಿ ಜಾಲ) ವಿಳಾಸಗಳಿಗೆ ಮಾತ್ರ ದಾರಿ ಬಿಡುತ್ತೇನೆ.

ಸೈಫರ್ (ಗೂಢಲಿಪಿ ವಿಧಾನ), ಕೀ ವಿನಿಮಯದ ಪಟ್ಟಿಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಎಲ್ಲೋ ಸಿಕ್ಕ ಹಳೇ ಪಟ್ಟಿ ಅಂಟಿಸುವವರು ಬಹಳ. ಕ್ವಾಂಟಮ್ ಕಂಪ್ಯೂಟರ್‌ಗಳನ್ನು ಗಮನದಲ್ಲಿಟ್ಟ ಕೀ ವಿನಿಮಯ 2022ರ 9.0 ಆವೃತ್ತಿಯಿಂದ ಡಿಫಾಲ್ಟ್ ಆಗಿದೆ. ಹಳೇ ಪಟ್ಟಿ ಹಾಕಿದರೆ ಅದು ಕೈತಪ್ಪುತ್ತದೆ. ಲಾಗಿನ್ ಕೀ ಮಾಡುವಾಗ ಇಡಿ25519 ಬಗೆಯದು ಸಾಕು, ಅದನ್ನು ಕಾಯುವ ಪಾಸ್‌ಫ್ರೇಸ್ ಇರಲಿ.

ಟೆಂಪ್ಲೇಟ್ ಅಂದಿದ್ದೀರಲ್ವಾ, ಇಮೇಜ್ ತೆಗೆಯುವ ಮೊದಲು ಹೋಸ್ಟ್ ಕೀಗಳನ್ನು (ಸರ್ವರ್ ತನ್ನ ಗುರುತು ತೋರಿಸುವ ಕೀಗಳು) ಅಳಿಸಿ. ಇಲ್ಲದಿದ್ದರೆ ಎಲ್ಲ ಸರ್ವರ್‌ಗಳಿಗೂ ಒಂದೇ ಗುರುತು ಬರುತ್ತದೆ, ಒಂದರ ಕೀ ಕದ್ದವನು ಉಳಿದವುಗಳ ವೇಷ ಹಾಕಬಹುದು. ಮೊದಲ ಬೂಟ್‌ನಲ್ಲಿ ಕ್ಲೌಡ್-ಇನಿಟ್ ಹೊಸದು ಮಾಡಿಕೊಳ್ಳುತ್ತದೆ. ಅದಿಲ್ಲದ ಡೆಬಿಯನ್ ಆದರೆ 'ಎಸ್‌ಎಸ್‌ಎಚ್-ಕೀಜೆನ್'ಗೆ ದೊಡ್ಡ ಎ ಕೊಟ್ಟು ನೀವೇ ಓಡಿಸಬೇಕು, ಹೋಸ್ಟ್ ಕೀ ಇಲ್ಲದೆ ಎಸ್‌ಎಸ್‌ಎಚ್ ಸರ್ವರ್ ಏಳುವುದಿಲ್ಲ.