ವಾಸಿಯಾಗದ ಕಾಯಿಲೆಗೆ ಬೆಂಗಳೂರಿನ ಓಡಾಟ ಏಕೆ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಅಪರೂಪದ ಕಾಯಿಲೆಗಳ ಸಂಶೋಧನೆಗೆ ಸರ್ಕಾರ ಇನ್ನೂ ಹೆಚ್ಚು ಹಣ ಕೊಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾವು ಕಂಡಿದ್ದು ಬೇರೆ. ನನ್ನ ತಮ್ಮನ ಮಗಳ ಮಗನಿಗೆ ನಾಲ್ಕು ವರ್ಷ. ಲೀ ಸಿಂಡ್ರೋಮ್ ಎಂಬ ಮೈಟೊಕಾಂಡ್ರಿಯ ಕಾಯಿಲೆ ಎಂದು ಬೆಂಗಳೂರಿನಲ್ಲಿ ಹೇಳಿದರು. ವರದಿಯಲ್ಲಿ ಸರ್ಫ್-1 ಎಂಬ ಜೀನ್ ಕೆಟ್ಟಿದೆ ಎಂದಿದೆ. ವಾಸಿ ಮಾಡುವ ಔಷಧಿ ಇಲ್ಲ ಎನ್ನುತ್ತಾರೆ, ಆದರೂ ಆರು ತಿಂಗಳಿಗೊಮ್ಮೆ ಕರೆಸುತ್ತಾರೆ. ತೂಕ, ಕಣ್ಣು, ಹೃದಯ ನೋಡಿ, ಅದೇ ವಿಟಮಿನ್ ಮಾತ್ರೆ ಬರೆದು, ಸಂಶೋಧನೆಗೆಂದು ರಕ್ತ ತೆಗೆದುಕೊಂಡು ಕಳಿಸುತ್ತಾರೆ. ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಈ ದುಡ್ಡಿನಲ್ಲಿ ನಮ್ಮ ತಾಲ್ಲೂಕಿಗೆ ಒಬ್ಬ ಮಕ್ಕಳ ಡಾಕ್ಟರನ್ನೂ ಫಿಸಿಯೊಥೆರಪಿಯವರನ್ನೂ ಕೊಟ್ಟರೆ ಸಾಲದೆ? ಇನ್ನೊಂದು ವಿಷಯ. ಮೈಟೊಕಾಂಡ್ರಿಯ ತಾಯಿಯಿಂದ ಬರುವುದಂತೆ, ಹಾಗಾಗಿ ಮನೆಯಲ್ಲಿ ಎಲ್ಲರೂ ಆ ಹುಡುಗಿಯನ್ನೇ ಅನ್ನುತ್ತಾರೆ. ಅವಳನ್ನು ಸೋದರಮಾವನಿಗೇ ಕೊಟ್ಟಿದ್ದೆವು. ಈಗ ಅವಳಿಗೆ ಮತ್ತೆ ಎರಡು ತಿಂಗಳು.
— ನಿವೃತ್ತ ಶಿಕ್ಷಕರು, ಶ್ರೀನಿವಾಸಪುರ ತಾಲ್ಲೂಕು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ತಾಲ್ಲೂಕು ಆಸ್ಪತ್ರೆಗೆ ಮಕ್ಕಳ ವೈದ್ಯರು ಬೇಕು, ಫಿಸಿಯೊಥೆರಪಿ ಬೇಕು. ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ವರ್ಷದ ಮಗುವಿನ ಕಾಲಿನ ಸ್ನಾಯು ಬಿಗಿಯಾಗದಂತೆ ದಿನಾ ನೀವಿ ಚಾಚಿಸುವವರು ಊರಿನ ಹತ್ತಿರವೇ ಸಿಗಬೇಕು. ಆದರೆ ನಿಮ್ಮ ಪತ್ರದಲ್ಲಿ ‘ಔಷಧಿ ಇಲ್ಲ, ಆದರೂ ಕರೆಸುತ್ತಾರೆ’ ಎಂಬ ಸಾಲಿದೆಯಲ್ಲ, ಅದನ್ನು ನಾನು ಒಪ್ಪಲಾರೆ. ಔಷಧಿ ಇಲ್ಲದಿರುವುದರಿಂದಲೇ ಕರೆಸುತ್ತಾರೆ.

ಸ್ವೀಡನ್ನಿನ ರಾಲ್ಫ್ ಲುಫ್ಟ್ ಎಂಬ ವೈದ್ಯರ ಬಳಿಗೆ ಒಬ್ಬ ಹೆಂಗಸು ಬಂದಿದ್ದಳು. ಎಷ್ಟು ತಿಂದರೂ ಸಣಕಲು, ಚಳಿಯಲ್ಲೂ ಬೆವರು, ಥೈರಾಯ್ಡ್ ನೋಡಿದರೆ ಸರಿಯಾಗಿದೆ. ‘ಇದಕ್ಕೆ ಔಷಧಿ ಇಲ್ಲ, ಮನೆಗೆ ಹೋಗು’ ಎನ್ನಬಹುದಿತ್ತು. ಲುಫ್ಟ್ ಮತ್ತು ಸಂಗಡಿಗರು ಅವಳ ಸ್ನಾಯುವಿನ ಚೂರು ತೆಗೆದು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನೇ ಬೇರ್ಪಡಿಸಿ ಪರೀಕ್ಷಿಸಿದರು, 1962ರಲ್ಲಿ ಪ್ರಕಟಿಸಿದರು. ಮೈಟೊಕಾಂಡ್ರಿಯ ಕೆಟ್ಟರೆ ಮನುಷ್ಯ ಕಾಯಿಲೆ ಬೀಳುತ್ತಾನೆ ಎಂದು ಜಗತ್ತಿಗೆ ತಿಳಿದದ್ದು ಆ ಒಬ್ಬ ರೋಗಿಯಿಂದ. 1988ರಲ್ಲಿ ಲಂಡನ್ನಿನ ಇಯಾನ್ ಹಾಲ್ಟ್, ಅನಿತಾ ಹಾರ್ಡಿಂಗ್, ಜಾನ್ ಮಾರ್ಗನ್-ಹ್ಯೂಸ್ ಅವರು ಕೆಲವು ರೋಗಿಗಳ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಒಂದು ತುಂಡೇ ಕಾಣೆಯಾಗಿರುವುದನ್ನು ತೋರಿಸಿದರು. ಆ ದೋಷ ಸಿಕ್ಕಿದ್ದು ಸ್ನಾಯುವಿನಲ್ಲಿ, ರಕ್ತದಲ್ಲಲ್ಲ. ಯಾವ ಅಂಗದ ಸ್ಯಾಂಪಲ್ ತೆಗೆಯಬೇಕು ಎಂಬ ತಿಳಿವಳಿಕೆ ಇಂಥ ಕ್ಲಿನಿಕ್ಕುಗಳಲ್ಲೇ ಬೆಳೆದದ್ದು.

ಈಗ ಪ್ರತಿ ಸಲ ತೂಕ ನೋಡಿ ಬರೆದಿಡುವ ವಿಷಯ. ಟಿಕೆ-2 ಎಂಬ ಜೀನ್ ಕೆಟ್ಟರೆ ಮಕ್ಕಳ ಸ್ನಾಯುಗಳು ಕರಗುತ್ತಾ ಹೋಗಿ ಉಸಿರಾಟ ನಿಲ್ಲುತ್ತದೆ. ಅದಕ್ಕೆ ಬಾಯಿಯಿಂದ ಕೊಡುವ ಒಂದು ಔಷಧಿಯನ್ನು 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಇಂಥ ಅಪರೂಪದ ಕಾಯಿಲೆಯಲ್ಲಿ ಅರ್ಧ ಮಕ್ಕಳಿಗೆ ಔಷಧಿ, ಅರ್ಧ ಮಕ್ಕಳಿಗೆ ಬರೀ ಸಕ್ಕರೆ ಗುಳಿಗೆ ಕೊಟ್ಟು ನೋಡುವಷ್ಟು ರೋಗಿಗಳು ಸಿಗುವುದಿಲ್ಲ. ಹಾಗಾದರೆ ಔಷಧಿ ಕೆಲಸ ಮಾಡಿತೆಂದು ತೋರಿಸಿದ್ದು ಹೇಗೆ? ಔಷಧಿಯೇ ಸಿಗದೆ ಹೋದ ಮಕ್ಕಳ ಹಳೆಯ ದಾಖಲೆಗಳ ಜೊತೆ ಹೋಲಿಸಿ. ಯಾವ ವಯಸ್ಸಿನಲ್ಲಿ ನಡಿಗೆ ನಿಂತಿತು, ಯಾವಾಗ ಉಸಿರಾಟದ ಯಂತ್ರ ಬೇಕಾಯಿತು ಎಂದು ಯಾರೋ ಬರೆದಿಟ್ಟಿದ್ದರು. ಆ ಬರಹ ಇಲ್ಲದಿದ್ದರೆ ಆ ಔಷಧಿ ಇಲ್ಲ. ಟಿಕೆ-2 ನಿಮ್ಮ ಮೊಮ್ಮಗನಲ್ಲಿ ಕೆಟ್ಟಿರುವ ಜೀನ್ ಅಲ್ಲ, ಅವನಿಗೆ ಆ ಔಷಧಿ ಉಪಯೋಗವಿಲ್ಲ. ಸರ್ಫ್-1ಗೆ ಜೀನ್ ಚಿಕಿತ್ಸೆಯ ಕೆಲಸ ಇಲಿಗಳ ಮೇಲೆ ನಡೆದಿದೆ. ಅದು ಮಕ್ಕಳವರೆಗೆ ಬರುವ ದಿನ, ನಮ್ಮ ಕಡೆಯ ಸರ್ಫ್-1 ಮಕ್ಕಳಲ್ಲಿ ಕಾಯಿಲೆ ಹೇಗೆ ಸಾಗುತ್ತದೆಂಬ ಲೆಕ್ಕ ಯಾರ ಹತ್ತಿರವಾದರೂ ಇರಲೇಬೇಕು.

ಆದರೆ ಮುಂದಿನವರಿಗಾಗಿ ಈ ಮಗುವನ್ನು ಓಡಾಡಿಸಿ ಎಂದು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಆ ತಪಾಸಣೆ ಈ ಮಗುವಿಗೇ ಬೇಕು. ಹೃದಯದ ಸ್ನಾಯು ದಪ್ಪವಾಗುತ್ತಿದೆಯೇ, ಬಡಿತ ತಪ್ಪುತ್ತಿದೆಯೇ ಎಂದು ಎಕೋ, ಇಸಿಜಿ ಹೇಳುತ್ತವೆ. ಕಿವಿ ನಿಧಾನವಾಗಿ ಮಂದವಾಗಬಹುದು, ಮನೆಯವರು ಅದನ್ನು ಹಠವೆಂದು ತಿಳಿಯುತ್ತಾರೆ. ನಿದ್ದೆಯಲ್ಲಿ ಉಸಿರು ಕಮ್ಮಿಯಾದರೆ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಲೀ ಸಿಂಡ್ರೋಮಿನಲ್ಲಿ ಮಿದುಳಿನ ಬುಡದಲ್ಲಿ, ಉಸಿರು ಮತ್ತು ನುಂಗುವಿಕೆ ನಡೆಸುವ ಕಡೆಯಲ್ಲೇ ಏಟು ಬೀಳಬಹುದು. ಹಾಗಾಗಿ ಮಗು ಊಟಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ನೀರು ಕುಡಿಯುವಾಗ ಕೆಮ್ಮುತ್ತದೆಯೇ ಎಂದು ಕೇಳುತ್ತಾರೆ. ಗಟ್ಟಿಗಿಂತ ನೀರಿನಂಥದ್ದೇ ಶ್ವಾಸಕೋಶಕ್ಕೆ ಬೇಗ ಜಾರುವುದರಿಂದ, ತೆಳು ಅಂಬಲಿಗಿಂತ ತುಸು ಮಂದವಾದ ಗಂಜಿ ವಾಸಿ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗಿಸುವ ಅಭ್ಯಾಸ ಈ ಮಗುವಿಗೆ ಸಲ್ಲ. ಕೂರಿಸಿಯೇ ತಿನ್ನಿಸಬೇಕು, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ತೂಕ ಎರಡು ಭೇಟಿಗಳಲ್ಲಿ ಏರದಿದ್ದರೆ ಹೊಟ್ಟೆಗೆ ನೇರ ನಳಿಕೆ ಹಾಕುವ ಮಾತು ಬರುತ್ತದೆ. ನ್ಯುಮೋನಿಯಾ ಆದ ಮೇಲೆ ಅದನ್ನು ಯೋಚಿಸಿದರೆ ತಡವಾಗಿರುತ್ತದೆ.

ಆ ‘ಅದೇ ವಿಟಮಿನ್’ ಬಗ್ಗೆಯೂ ಒಂದು ಮಾತು. ಎಮ್‌ಆರ್‌ಐಯಲ್ಲಿ ಲೀ ಸಿಂಡ್ರೋಮಿನಂತೆಯೇ ಕಾಣುವ ಒಂದು ಕಾಯಿಲೆ ಎಸ್‌ಎಲ್‌ಸಿ19ಎ3 ಎಂಬ ಜೀನಿನಿಂದ ಬರುತ್ತದೆ. ಅದಕ್ಕೆ ಬಯೊಟಿನ್, ಥಯಮಿನ್ ಬೇಗ ಕೊಟ್ಟರೆ ಮಲಗಿದ ಮಗು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳಬಹುದು. ಅದಕ್ಕಾಗಿ ಬಲ್ಲ ವೈದ್ಯರು ಜೀನ್ ವರದಿಗೆ ಕಾಯದೆ ಮೊದಲ ದಿನವೇ ಇವೆರಡನ್ನೂ ಶುರು ಮಾಡುತ್ತಾರೆ. ಮೈಟೊಕಾಂಡ್ರಿಯಕ್ಕೆ ಬೇಕಾದ ಕೋ-ಕ್ಯೂ10 ಎಂಬ ವಸ್ತುವಿನ ತಯಾರಿಕೆಯೇ ಮೈಯಲ್ಲಿ ಕೆಟ್ಟವರಿಗೆ ಆ ಮಾತ್ರೆಯೇ ಚಿಕಿತ್ಸೆ. ಅದನ್ನು ತುಪ್ಪವೋ ಎಣ್ಣೆಯೋ ಇರುವ ಊಟದ ಜೊತೆ ಕೊಡಬೇಕು, ಬರೀ ಹೊಟ್ಟೆಗೆ ಕೊಟ್ಟರೆ ಮೈಗೆ ಹತ್ತುವುದು ಕಮ್ಮಿ. ಸರ್ಫ್-1ರಲ್ಲಿ ಈ ಮಾತ್ರೆಗಳಿಂದ ಅಂಥ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬಹುದು ಎಂದು ಧೈರ್ಯವಾಗಿ ಕೇಳಿ. ಖರ್ಚು ನಿಮ್ಮದು.

ಬೆಂಗಳೂರಿನಿಂದ ನೀವು ತರಲೇಬೇಕಾದ್ದು ಒಂದಿದೆ, ಅದನ್ನು ತಂದಂತೆ ಪತ್ರದಲ್ಲಿ ಕಾಣುವುದಿಲ್ಲ: ತುರ್ತು ಚೀಟಿ. ಒಂದೇ ಪುಟ, ವೈದ್ಯರ ಸಹಿ, ಮೊಹರು. ಮೇಲೆ ಕಾಯಿಲೆ ಮತ್ತು ಜೀನಿನ ಹೆಸರು, ಮಗು ಚೆನ್ನಾಗಿರುವಾಗ ರಕ್ತದಲ್ಲಿರುವ ಲ್ಯಾಕ್ಟೇಟ್ (ಮೈಟೊಕಾಂಡ್ರಿಯ ಕೆಟ್ಟಾಗ ಏರುವ ಆಮ್ಲ) ಮಟ್ಟ. ಕೆಳಗೆ, ಜ್ವರ ಅಥವಾ ವಾಂತಿಯಿಂದ ಊಟ ನಿಂತರೆ ಏನು ಮಾಡಬೇಕೆಂಬುದು. ಲೀ ಸಿಂಡ್ರೋಮಿನ ಮಗು ಕುಸಿಯುವುದು ಬಹುಪಾಲು ಜ್ವರದ ಬೆನ್ನಲ್ಲೇ, ಹೊಟ್ಟೆ ಖಾಲಿಯಿದ್ದಾಗ. ‘ಸಂಜೆಯವರೆಗೆ ನೋಡೋಣ’ ಎನ್ನದೆ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಗ್ಲೂಕೋಸ್ ದ್ರಾವಣವಾದ 10% ಡೆಕ್ಸ್‌ಟ್ರೋಸನ್ನು ಸಲೈನ್ ಜೊತೆ ಹಾಕುತ್ತಾರೆ. ಲ್ಯಾಕ್ಟೇಟ್ ಏರಿರುವಾಗ ರಿಂಗರ್ ಲ್ಯಾಕ್ಟೇಟ್ ಬಾಟಲಿ ಬೇಡ. ಆದರೆ ಇದೇ ಗುಂಪಿನ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆಯಲ್ಲಿ ಗ್ಲೂಕೋಸ್ ಹೆಚ್ಚಾದರೆ ಲ್ಯಾಕ್ಟೇಟ್ ಇನ್ನೂ ಏರುತ್ತದೆ, ಆ ಮಕ್ಕಳ ಚೀಟಿಯೇ ಬೇರೆ. ಒಂದೇ ಹೆಸರಿನ ಕಾಯಿಲೆಗೆ ಒಂದು ಮನೆಯ ಚೀಟಿ ಇನ್ನೊಂದು ಮನೆಗೆ ಆಗದಿರುವುದು ಇದಕ್ಕೇ. ಫಿಟ್ಸ್ ಬಂದರೆ ವ್ಯಾಲ್ಪ್ರೊಯೇಟ್ ಕೊಡಬಾರದು ಎಂದೂ ಬರೆಸಿ. ಪೋಲ್-ಜಿ ಎಂಬ ಜೀನ್ ಕೆಟ್ಟವರಿಗೆ ಅದು ಲಿವರನ್ನೇ ಕೊಂದು ಜೀವ ತೆಗೆದಿದೆ. ಬೇರೆ ಮೈಟೊಕಾಂಡ್ರಿಯ ಕಾಯಿಲೆಗಳಲ್ಲೂ ಲೆವೆಟಿರಾಸಿಟಮ್‌ನಂಥ ಬೇರೆ ಫಿಟ್ಸ್ ಔಷಧಿ ಸಿಗುವಾಗ ಬಲ್ಲವರು ವ್ಯಾಲ್ಪ್ರೊಯೇಟನ್ನು ಮುಟ್ಟುವುದಿಲ್ಲ. ಆಪರೇಷನ್ ಇದ್ದರೆ ಮಗುವನ್ನು ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕಿ, ಉಪವಾಸದ ಹೊತ್ತಿನಲ್ಲಿ ಗ್ಲೂಕೋಸ್ ಓಡುತ್ತಿರಲಿ ಎಂಬ ಸಾಲೂ ಬೇಕು. ಲಸಿಕೆಗಳನ್ನು ಮಾತ್ರ ಬಿಡಬೇಡಿ. ಲಸಿಕೆಯ ಜ್ವರಕ್ಕಿಂತ ದಡಾರದ ಜ್ವರ ಈ ಮಗುವಿಗೆ ಬಹಳ ಕೆಟ್ಟದ್ದು.

ಈ ಚೀಟಿಯ ಮೂರು ಪ್ರತಿ ಮಾಡಿಸಿ. ಒಂದು ಮನೆಯಲ್ಲಿ, ಒಂದು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ, ಒಂದು ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ. ನೀವು ಕೇಳುತ್ತಿರುವ ತಾಲ್ಲೂಕಿನ ಮಕ್ಕಳ ಡಾಕ್ಟರು ಬಂದರು ಎಂದೇ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಈ ಮಗುವನ್ನು ತಂದು ಮಲಗಿಸಿದರೆ ಅವರ ಕೈಯಲ್ಲಿ ಇರಬೇಕಾದ್ದು ಈ ಕಾಗದ. ಅದನ್ನು ಬರೆಯಬಲ್ಲವರು ಇಂಥ ಹಲವು ಮಕ್ಕಳನ್ನು ನೋಡಿದವರು ಮಾತ್ರ. ಲೀ ಸಿಂಡ್ರೋಮಿಗೆ ಕಾರಣವಾಗುವ ಜೀನುಗಳೇ ನೂರಕ್ಕೂ ಹೆಚ್ಚಿವೆ. ತಾಲ್ಲೂಕಿನ ವೈದ್ಯರೊಬ್ಬರು ಇಡೀ ಸೇವಾವಧಿಯಲ್ಲಿ ಇಂಥ ಒಂದು ಮಗುವನ್ನು ನೋಡಿದರೆ ಹೆಚ್ಚು.

ಹತ್ತಿರದ ಲ್ಯಾಬಿನಲ್ಲಿ ಎಲ್ಲವೂ ಆಗುತ್ತದೆಂದು ನಂಬಿದ ಮನೆಗಳು ಪಡುವ ಪಾಡು ನೋಡಿ. ಲ್ಯಾಕ್ಟೇಟ್ ಪರೀಕ್ಷೆಗೆ ಮಗು ಅಳುತ್ತಾ ಒದ್ದಾಡುತ್ತಿರುವಾಗ, ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ತೆಗೆದರೆ ಕಾಯಿಲೆ ಇಲ್ಲದ ಮಗುವಿಗೂ ಹೆಚ್ಚು ಬರುತ್ತದೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹಾಕಿ, ಐಸಿನಲ್ಲಿಟ್ಟು, ಬೇಗ ಪ್ಲಾಸ್ಮಾ ಬೇರ್ಪಡಿಸಬೇಕು. ಸಾದಾ ಟ್ಯೂಬಿನಲ್ಲಿ ಬಸ್ಸಿಗೆ ಕೊಟ್ಟು ಕಳಿಸಿದ ರಕ್ತದೊಳಗೆ ಜೀವಕೋಶಗಳು ದಾರಿಯುದ್ದಕ್ಕೂ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಸ್ನಾಯುವಿನ ಚೂರನ್ನು ಫಾರ್ಮಲಿನ್ನಿಗೆ ಹಾಕಿದರೆ ಕಿಣ್ವಗಳ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅದನ್ನು ತಕ್ಷಣ ಹೆಪ್ಪುಗಟ್ಟಿಸಬೇಕು. ಸಾವಿರಾರು ಜೀನುಗಳನ್ನು ಒಟ್ಟಿಗೆ ಓದುವ ಎಕ್ಸೋಮ್ ಪರೀಕ್ಷೆ ಮಾಡಿಸಿದರೂ ಕೆಲವು ಲ್ಯಾಬುಗಳಲ್ಲಿ ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎ ಅದರಲ್ಲಿ ಸೇರಿರುವುದಿಲ್ಲ, ಬೇರೆಯಾಗಿ ಕೇಳಬೇಕು. ತಾಯಿಯ ಕಡೆಯವರಲ್ಲಿ ಸಕ್ಕರೆ ಕಾಯಿಲೆ ಮತ್ತು ಕಿವುಡು ಜೊತೆಜೊತೆಗೆ ಬರುವ ಮನೆಗಳಲ್ಲಿ ಹುಡುಕುವ 3243 ಎಂಬ ಬದಲಾವಣೆಯಂತೂ ವಯಸ್ಸಾದಂತೆ ರಕ್ತದಲ್ಲಿ ಕಮ್ಮಿಯಾಗುತ್ತದೆ. ಮೂತ್ರದಲ್ಲಿ ನೋಡಿದರೆ ಸಿಗುವ ಸಾಧ್ಯತೆ ಹೆಚ್ಚು. ತಪ್ಪು ಟ್ಯೂಬಿನಿಂದ ಬಂದ ತಪ್ಪು ಉತ್ತರ ಹಿಡಿದು ವರ್ಷಗಟ್ಟಲೆ ಅಲೆದವರ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ‘ಬೆಂಗಳೂರು ಪಕ್ಕದಲ್ಲೇ ಇದೆಯಲ್ಲ’ ಎಂಬ ಒಂದು ಮಾತಿನಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳ ಬೇಡಿಕೆಗಳನ್ನೆಲ್ಲ ಬದಿಗಿಡುತ್ತಾರೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋರಮಂಗಲ ಕಣಿವೆಯಿಂದ ಕೋಲಾರದ ಕೆರೆಗಳವರೆಗೆ ಪೈಪಿನಲ್ಲಿ ಹರಿಸಲು 2018ರಲ್ಲೇ ಸಾಧ್ಯವಾಯಿತು. ಇಲ್ಲಿಂದ ಹಾಲು, ಟೊಮೆಟೊ, ರೇಷ್ಮೆ, ಮಾವು ಬೆಳಗಾಗುವುದರೊಳಗೆ ಅಲ್ಲಿಗೆ ತಲುಪುತ್ತವೆ. ತಿಂಗಳಿಗೊಂದು ದಿನ ಒಬ್ಬ ಜೆನೆಟಿಕ್ಸ್ ವೈದ್ಯರು, ಒಬ್ಬ ನರರೋಗ ತಜ್ಞರು ಜಿಲ್ಲಾ ಆಸ್ಪತ್ರೆಗೆ ಬಂದು ಕೂರುವುದು ಇದಕ್ಕಿಂತ ದೊಡ್ಡ ಕೆಲಸವೇ? ಮೂರು ಜಿಲ್ಲೆಯ ಮಕ್ಕಳ ಹೆಸರು ಒಂದೇ ದಾಖಲೆಯಲ್ಲಿದ್ದರೆ, ಎರಡು ಭೇಟಿಗಳಲ್ಲಿ ಒಂದನ್ನು ಇಲ್ಲೇ ಮುಗಿಸಬಹುದು, ಕೂಲಿಯೂ ಉಳಿಯುತ್ತದೆ. ಬ್ರಿಟನ್ನಿನಲ್ಲಿ ನ್ಯೂಕ್ಯಾಸಲ್, ಲಂಡನ್, ಆಕ್ಸ್‌ಫರ್ಡ್ ಮೂರು ಕಡೆ ಮೈಟೊಕಾಂಡ್ರಿಯ ಕಾಯಿಲೆಗಳಿಗೆಂದೇ ಸರ್ಕಾರದ ಸೇವೆ ಇದೆ. ನಮಗೆ ನಿಮ್ಹಾನ್ಸ್ ಇದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಹಣ ಮನೆಯವರ ಕೈಗೆ ಬರುವುದಿಲ್ಲ, ಕೇಂದ್ರದ ಮೂಲಕ ಚಿಕಿತ್ಸೆಗೆ ಹೋಗುತ್ತದೆ. ಪಟ್ಟಿಗೆ ಹೊಸ ಕಾಯಿಲೆ ಸೇರಬೇಕಾದರೆ ರೋಗಿಗಳಿದ್ದಾರೆ ಎಂಬ ದಾಖಲೆ ಬೇಕು. ನೀವು ಬೇಸರಪಟ್ಟ ಆ ರಕ್ತ, ಆ ತೂಕ ಅಲ್ಲಿಗೇ ಹೋಗಿ ಸೇರುವುದು. ಹಣ ಸಾಲದೆಂದು ತಾಲ್ಲೂಕನ್ನೂ ಸಂಶೋಧನೆಯನ್ನೂ ಎದುರುಬದುರು ನಿಲ್ಲಿಸುವುದು ಹಣ ಹಂಚುವವರಿಗೆ ಅನುಕೂಲ. ನೀವು ಅವರಿಗೆ ಆ ಅನುಕೂಲ ಮಾಡಿಕೊಡಬೇಡಿ ಮೇಷ್ಟ್ರೇ.

ಇನ್ನು ಆ ಹುಡುಗಿಯ ವಿಷಯ. ಇಲ್ಲಿ ಮಾತ್ರ ನಿಮ್ಮ ಮನೆಯವರನ್ನು ಗದರಿಸದೆ ಬಿಡಲಾರೆ. ಮೈಟೊಕಾಂಡ್ರಿಯಕ್ಕೆ ಅದರದ್ದೇ ಡಿಎನ್‌ಎ ಇದೆ, 37 ಜೀನುಗಳು, ಅವು ತಾಯಿಯಿಂದ ಬರುತ್ತವೆ. ಅಷ್ಟು ನಿಜ. ಆದರೆ ಮೈಟೊಕಾಂಡ್ರಿಯ ನಡೆಯಲು ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಜೀನುಗಳು ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿವೆ. ಸರ್ಫ್-1 ಅಂಥದ್ದು, 9ನೇ ಕ್ರೋಮೋಸೋಮಿನಲ್ಲಿದೆ. ಅದರ ಒಂದು ಪ್ರತಿ ಅಪ್ಪನಿಂದ, ಒಂದು ಪ್ರತಿ ಅಮ್ಮನಿಂದ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಅಪ್ಪನ ಪಾಲು ಅಮ್ಮನಷ್ಟೇ ಇದೆ. ಸೋದರಮಾವ, ಸೊಸೆ ಒಂದೇ ಹಿರಿಯರಿಂದ ಅದೇ ಕೆಟ್ಟ ಪ್ರತಿಯನ್ನು ಪಡೆದಿರುವ ಸಾಧ್ಯತೆ ಹೆಚ್ಚು, ಆ ಸಂಬಂಧ ಕೂಡಿಸಿದ್ದು ಹಿರಿಯರು. ಅವಳನ್ನು ಅನ್ನುವುದು ನಿಲ್ಲಬೇಕು. ನಲವತ್ತು ಮಕ್ಕಳಿಗೆ ಪಾಠ ಹೇಳಿದ ನೀವು ಆ ಮನೆಯಲ್ಲಿ ಕೂತು ಇದನ್ನು ಬಿಡಿಸಿ ಹೇಳಿ, ನಿಮ್ಮ ಮಾತಿಗೆ ಬೆಲೆ ಇದೆ.

ಅವಳಿಗೆ ಎರಡು ತಿಂಗಳು ಎಂದು ಬರೆದಿದ್ದೀರಿ. ಇದಕ್ಕೆ ಅಚ್ಚಾಗುವವರೆಗೆ ಕಾಯುವಂತಿಲ್ಲವಾದ್ದರಿಂದ ಪತ್ರ ಬಂದ ದಿನವೇ ನಿಮಗೆ ಫೋನಿನಲ್ಲಿ ತಿಳಿಸಿದ್ದೇವೆ. ಅಂಥದೇ ಸ್ಥಿತಿಯಲ್ಲಿರುವ ಬೇರೆ ಮನೆಗಳಿಗಾಗಿ ಇಲ್ಲಿಯೂ ಹೇಳುತ್ತೇನೆ. ಪ್ರತಿ ಬಸುರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಬಾರದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆದು, ಅಥವಾ 16 ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ನೋಡಬಹುದು. ಆದರೆ ಅದಕ್ಕೆ ಮೊದಲು ಎರಡು ಕೆಲಸ ಆಗಿರಬೇಕು. ಮೊದಲ ಮಗುವಿನ ವರದಿಯಲ್ಲಿ ಆ ಬದಲಾವಣೆಯನ್ನು ‘ಪ್ಯಾಥೊಜೆನಿಕ್’ (ಕಾಯಿಲೆ ತರುವಂಥದ್ದು) ಅಥವಾ ‘ಲೈಕ್ಲಿ ಪ್ಯಾಥೊಜೆನಿಕ್’ (ಬಹುಶಃ ತರುವಂಥದ್ದು) ಎಂದು ಬರೆದಿರಬೇಕು. ‘ವಿಯುಎಸ್’ ಎಂದಿದ್ದರೆ ಅದರ ಅರ್ಥ ಇನ್ನೂ ತೀರ್ಮಾನವಾಗಿಲ್ಲ, ಅದನ್ನು ನಂಬಿ ಬಸುರಿನ ಪರೀಕ್ಷೆ ಮಾಡುವುದಿಲ್ಲ. ಎರಡನೆಯದು, ಅಪ್ಪ ಅಮ್ಮ ಇಬ್ಬರ ರಕ್ತವನ್ನೂ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೊಟ್ಟು ಇಬ್ಬರಲ್ಲೂ ಅದೇ ಬದಲಾವಣೆ ಇದೆಯೆಂದು ಖಚಿತ ಮಾಡಿಸಿರಬೇಕು. ಇದರ ವರದಿಗೇ ವಾರಗಳು ಹಿಡಿಯುತ್ತವೆ. ಪರೀಕ್ಷೆ ಮಾಡಿಸುವುದೋ ಬೇಡವೋ, ಆಮೇಲೆ ಏನು ಎಂಬುದು ಆ ಗಂಡ ಹೆಂಡತಿಗೆ ಬಿಟ್ಟದ್ದು. ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ, ಮಗುವಿನ ಮೂಲ ವರದಿ ಹಿಡಿದು, ಇಬ್ಬರೂ ಈ ವಾರವೇ ಹೋಗಲಿ.